ನಕಿಮೆರಾ ತಂದ ನೂರಾ ಹದಿನಾಲ್ಕನೆಯ ಎಲೆ

ನಮ್ಮ ಮಸಾಕಾ ಸೀಮೆಯ ಮಕ್ಕಳು ನಕಿಮೆರಾಳನ್ನು ಕಂಡರೆ ಸಾಕು, "ಎಲೆ ಅತ್ತೆ ಬಂದ್ಲು" ಎಂದು ಕೂಗುತ್ತಾರೆ. ಬಾಳೆ ಸಂಶೋಧನಾ ಕೇಂದ್ರಕ್ಕಾಗಿ ತೋಟ ತೋಟ ಅಲೆದು ಸುಳಿ ಎಲೆಯ ಚೂರು ತರುವುದು ಹನ್ನೊಂದು ವರ್ಷದಿಂದ ಅವಳ ಕೆಲಸ. ಚೂರಿನೊಳಗಿನ ವಂಶದ ಬರಹವನ್ನು ಯಂತ್ರ ಓದುತ್ತದೆ; ಓದಿದ್ದು ಇಂಟರ್‌ನೆಟ್ಟಿನ ದೊಡ್ಡ ಕಣಜ ಸೇರುತ್ತದೆ. ಬಾಳೆಗೆ ರೋಗ ಬಂದಾಗ ಎಲ್ಲ ದೇಶದ ವಿಜ್ಞಾನಿಗಳೂ ಆ ಕಣಜಕ್ಕೇ ಕೈ ಹಾಕುವುದು.

ಒಂದು ಬೆಳಿಗ್ಗೆ ಮೇಲಧಿಕಾರಿ ಸೆಬೋವಾ ಅವಳನ್ನು ಕಂಪ್ಯೂಟರಿನ ಮುಂದೆ ನಿಲ್ಲಿಸಿದ.

"ನೋಡು, ನಾವು ಬೇಯಿಸಿ ತಿನ್ನೋ ಮಟೋಕೆ ಬಾಳೆಗಳೆಲ್ಲ ಒಡಹುಟ್ಟಿದವು. ನೀನು ಈ ವರ್ಷ ತಂದ ನೂರಾ ಹದಿನಾಲ್ಕನೇ ಎಲೆ ಮಾತ್ರ ಯಾವುದಕ್ಕೂ ಹೊಂದಲ್ಲ. ಕಲಬೆರಕೆ ಆಗಿದೆ. ಅವತ್ತು ತಂದ ಮೂವತ್ತು ಎಲೆಯ ಓದೂ ಅಳಿಸಿಬಿಡ್ತೀನಿ."

"ಒಂದು ಕಾಳು ಕಹಿ ಅಂತ ಮೂಟೇನೇ ಎಸೀತೀರಾ ಸ್ವಾಮಿ? ಶುಕ್ರವಾರದವರೆಗೆ ತಡೀರಿ."

"ನಿನ್ನ ಬಾಯಿಗೆ ಹೆದರಿ ತಡೀತೀನಿ, ಹೋಗು."

ಹನ್ನೊಂದು ವರ್ಷದಲ್ಲಿ ಅವಳ ಒಂದು ಎಲೆಯೂ ತಪ್ಪಿರಲಿಲ್ಲ. ಬಾಡಿಗೆ ಬೈಕಿನವನ ಬೆನ್ನಿಗೆ ಕುಳಿತು, ಆ ಎಲೆ ಕೊಟ್ಟ ನಾಂಟೆಜಾ ಅಜ್ಜಿಯ ಮನೆಗೆ ಹೋದಳು.

"ಅಜ್ಜಿ, ಬಾಗಿಲ ಹತ್ರದ ಈ ಬಾಳೇದೇ ಅಲ್ವಾ ನಾನು ಕುಯ್ದಿದ್ದು?"

ಅಜ್ಜಿ ನೆಲ ನೋಡಿದಳು. "ಕುಯ್ದಿದ್ದು ಇದನ್ನೇ ಮಗಳೇ. ತಗೊಂಡು ಹೋಗಿದ್ದು ಇದನ್ನಲ್ಲ."

"ಏನಂದೆ?"

"ಇದರ ಬುಡದಲ್ಲಿ ನನ್ನ ಮೊಮ್ಮಗ ಹುಟ್ಟಿದಾಗ ಬಿದ್ದ ಮಾಸು ಹೂತಿದೆ. ಇದರ ಎಲೆ ಹೊಸ್ತಿಲು ದಾಟಿದ್ರೆ ಮಗೂಗೆ ಒಳ್ಳೇದಾಗುತ್ತಾ? ಮನೆಗೆ ಬಂದೋಳಿಗೆ ಇಲ್ಲ ಅನ್ನೋಕೂ ಬಾಯಿ ಬರಲಿಲ್ಲ. ನೀನು ಊಟಕ್ಕೆ ಕೂತಾಗ ನಿನ್ನ ಚೀಲದಿಂದ ಅದನ್ನ ತೆಗೆದು ಹಿತ್ತಲ ಬಾಳೇದು ಇಟ್ಟುಬಿಟ್ಟೆ."

"ಕಳ್ಳ ಅಜ್ಜಿ! ನನ್ನ ಅನ್ನಕ್ಕೇ ಕಲ್ಲು ಹಾಕ್ತಿದ್ಯಲ್ಲ!"

"ಕಡಲೆಬೀಜದ ಸಾರು ಎರಡೆರಡು ಸಲ ಬಡಿಸಿಕೊಂಡೋಳು ಯಾರು? ಅದಕ್ಕೇ ನಂಗೆ ಟೈಮ್ ಸಿಕ್ಕಿದ್ದು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿತ್ತಲಲ್ಲಿ ಸೌದೆ ರಾಶಿಯ ಹಿಂದೆ ಆ ಗಿಡ್ಡ ಬಾಳೆ ನಿಂತಿತ್ತು. ಅಜ್ಜಿಯ ಅತ್ತೆ ಎಂದೋ ತವರಿನಿಂದ ತಂದು ನೆಟ್ಟದ್ದಂತೆ. ಅದರ ಎಲೆಗೆ ಕರಿಚುಕ್ಕೆ ರೋಗ ತಗುಲಿದ್ದನ್ನು ಮನೆಯಲ್ಲಿ ಯಾರೂ ಕಂಡಿಲ್ಲವಂತೆ. ನಕಿಮೆರಾ ಅಪ್ಪಣೆ ಕೇಳಿ ಸುಳಿ ಕುಯ್ದಳು. ಈ ಸಲ ಊಟಕ್ಕೆ ಕೂತರೂ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ.

ಸಂಗತಿ ಕೇಳಿ ಸೆಬೋವಾ ಅಳಿಸುವ ಮಾತು ಬಿಟ್ಟ. ಮೂರು ವಾರದ ಮೇಲೆ ಯಂತ್ರದ ಓದು ಬಂತು. ಹಳೆಯದಕ್ಕೂ ಹೊಸದಕ್ಕೂ ಒಂದಕ್ಷರದ ವ್ಯತ್ಯಾಸವಿಲ್ಲ. ಅದು ಕಲಬೆರಕೆಯಲ್ಲ, ಕಣಜ ಇದುವರೆಗೂ ಕಾಣದ ಬಾಳೆ! ಅವನು ಎದ್ದು ತನ್ನ ಕುರ್ಚಿಯನ್ನೇ ಎಳೆದುಕೊಟ್ಟ.

"ಕೂತ್ಕೋ ತಾಯಿ, ಕಣಜಕ್ಕೆ ನೀನೇ ಸೇರಿಸು."

'ಸಿಕ್ಕ ಜಾಗ' ಎಂದು ಬರೆದಿದ್ದಲ್ಲಿ ಅವಳು ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ "ನಾಂಟೆಜಾಳ ಹಿತ್ತಲು" ಎಂದು ಒತ್ತಿದಳು. ಆಮೇಲೆ ಫೋನು ಹಚ್ಚಿದಳು.

"ಅಜ್ಜಿ, ನಿನ್ನ ಹಿತ್ತಲು ಇನ್ಮೇಲೆ ಪ್ರಪಂಚಕ್ಕೆಲ್ಲ ಕಾಣುತ್ತೆ!"

"ಅಯ್ಯಯ್ಯೋ, ಒಂದು ಗಳಿಗೆ ತಡಿಯೇ, ಗುಡಿಸಿ ಬರ್ತೀನಿ!"