ನಾಲ್ಕು ಗಂಟೆಯ ಆಕಾಶ ವೀಕ್ಷಣೆ

ಮಂಡಿ ಮೊಹಲ್ಲಾದ ನಮ್ಮ ಪ್ರೌಢಶಾಲೆಯಲ್ಲಿ ನಾನು ಹದಿನೆಂಟು ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಶನಿಯ ಬಳೆಗಳನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲೆ. ಕಣ್ಣು ಬಿಟ್ಟು ಆಕಾಶದಲ್ಲಿ ಶನಿಯನ್ನು ತೋರಿಸಿ ಎಂದು ಯಾರೂ ಕೇಳಿರಲಿಲ್ಲವಾದ್ದರಿಂದ ಮರ್ಯಾದೆ ಉಳಿದಿತ್ತು.

ಕಳೆದ ವರ್ಷ ಶಾಲೆಗೊಂದು ಟೆಲಿಸ್ಕೋಪ್ ಬಂತು. ಒಡೆದುಹೋದರೆ ಯಾರು ಹೊಣೆ ಎಂದು ಮುಖ್ಯೋಪಾಧ್ಯಾಯರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕೆಲವು ತಿಂಗಳ ಮೇಲೆ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು: ಮಕ್ಕಳಿಗೆ ರಾತ್ರಿಯ ಆಕಾಶ ವೀಕ್ಷಣೆ ಮಾಡಿಸಿ ಫೋಟೋ ಕಳಿಸತಕ್ಕದ್ದು.

ಮುಖ್ಯೋಪಾಧ್ಯಾಯರು ನನ್ನನ್ನು ಕರೆಸಿದರು. "ಕತ್ತಲಲ್ಲಿ ಮಕ್ಳನ್ನ ತಾರಸಿ ಹತ್ತಿಸೋದೆಲ್ಲ ಬೇಡ ಮೇಡಂ. ಗುರುವಾರ ನಾಲ್ಕು ಗಂಟೆಗೇ ಮುಗಿಸ್ಬುಡಿ. ಫೋಟೋನೂ ಚೆನ್ನಾಗಿ ಬರುತ್ತೆ."

"ಸಾರ್, ನಾಲ್ಕು ಗಂಟೆಗೆ ಆಕಾಶದಲ್ಲಿ ಏನಿರುತ್ತೆ?"

"ಅದನ್ನ ನೀವು ನೋಡ್ಕೊಳ್ಳಿ. ವಿಜ್ಞಾನ ನಿಮ್ದಲ್ವ?"

ಸ್ಟಾಫ್ ರೂಮಿನಲ್ಲಿ ಈ ಮಾತನ್ನು ಅವರದೇ ಧಾಟಿಯಲ್ಲಿ ಆಡಿ ತೋರಿಸಿದೆ. ಎಲ್ಲರೂ ನಕ್ಕರು. ಆ ಉಮೇದಿನಲ್ಲೇ ಗುರುವಾರ ಮಧ್ಯಾಹ್ನ ಎಂಟನೇ ತರಗತಿಗೆ ಹೋಗಿ, "ಇವತ್ತು ಹಗಲಲ್ಲೇ ನಕ್ಷತ್ರ ನೋಡೋಣ ಬನ್ರಪ್ಪ" ಎಂದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ನಕ್ಷತ್ರ ಇರಲ್ಲ ಮಿಸ್, ಚಂದ್ರ ಇರ್ತಾನೆ. ನಿನ್ನೆ ಆಟದ ಪೀರಿಯಡ್ಡಲ್ಲೂ ಇದ್ದ."

"ಹಗಲಲ್ಲಿ ಚಂದ್ರ ಕಾಣಲ್ಲ ಕಣಮ್ಮ. ಕೂತ್ಕೊ."

ಅವಳು ವಾದ ಮಾಡದೆ ಕೂತಳು. ಆ ವಿನಯವೇ ನನ್ನನ್ನು ಚುಚ್ಚಿತು. ಬೆಲ್ ಹೊಡೆದ ಮೇಲೆ ಯಾರೂ ನೋಡದಂತೆ ಮೈದಾನಕ್ಕೆ ಹೋಗಿ ತಲೆ ಎತ್ತಿದೆ. ಚಾಮುಂಡಿ ಬೆಟ್ಟದ ದಿಕ್ಕಿನಲ್ಲಿ, ಅಷ್ಟಮಿಯ ಅರ್ಧ ಚಂದ್ರ ಬಿಳಿಚಿಕೊಂಡು ನಿಂತಿದ್ದ. ತಿಂಗಳು ತಿಂಗಳೂ ಹೀಗೇ ನಿಂತಿರಬೇಕು, ಪಾಪ.

ನಾಲ್ಕಕ್ಕೆ ತಾರಸಿ ಹತ್ತಿದೆವು. ಟೆಲಿಸ್ಕೋಪನ್ನು ಸೂರ್ಯನ ಕಡೆ ತಿರುಗಿಸಕೂಡದೆಂದು ಮೂರು ಸಲ ಎಚ್ಚರಿಸಿದೆ. ಚಂದ್ರನ ಕಡೆ ತಿರುಗಿಸುವುದು ಮಾತ್ರ ನನ್ನ ಕೈಲಾಗಲಿಲ್ಲ. ಸಿಕ್ಕಿದ ಅನ್ನುವಷ್ಟರಲ್ಲಿ ಜಾರುತ್ತಿದ್ದ. ಕೊನೆಗೆ ಹಿಡಿದುಕೊಟ್ಟವಳು ಅದೇ ಹುಡುಗಿ.

"ಮಿಸ್, ಮೈಯೆಲ್ಲ ಗುಂಡಿ! ಸಿಡುಬು ಬಂದಂಗವ್ನೆ!"

ನಾನೂ ನೋಡಿದೆ. ಪ್ರತಿಯೊಂದು ಗುಂಡಿಯ ಅಂಚಿನಲ್ಲೂ ಅದರದೇ ನೆರಳು ಬಿದ್ದಿತ್ತು. ಪ್ರತಿ ವರ್ಷ ಎರಡು ಅಂಕಕ್ಕೆ ಬರೆಸುತ್ತಿದ್ದ ಕುಳಿಗಳು ಅವೇ. ಕಣ್ಣು ಒದ್ದೆಯಾಯಿತು. ಗಾಳಿಗೆ ಧೂಳು ಬಿತ್ತು ಎಂದೆ.

"ನೀನು ಹೇಳಿದ್ದೇ ಸರಿ ಕಣಮ್ಮ" ಎಂದು ಎಲ್ಲರೆದುರು ಒಪ್ಪಿಕೊಂಡೆ.

"ಇರ್ಲಿ ಬುಡಿ ಮಿಸ್" ಎಂದು ಅವಳೇ ನನ್ನನ್ನು ಸಮಾಧಾನಪಡಿಸಿದಳು. "ನೀವು ಮ್ಯಾಲೆ ನೋಡಲ್ವಲ್ಲ, ಅದುಕ್ಕೆ."

ಮುಖ್ಯೋಪಾಧ್ಯಾಯರೂ ಬಂದು ಬಗ್ಗಿ ಬಹಳ ಹೊತ್ತು ನೋಡಿದರು. "ನಾನು ಹೇಳ್ಲಿಲ್ವ ಮೇಡಂ, ನಾಲ್ಕೇ ಸರಿಯಾದ ಟೈಮು" ಎಂದರು, ಪಂಚಾಂಗ ಲೆಕ್ಕ ಹಾಕಿಯೇ ಹೇಳಿದ್ದವರಂತೆ.

ಫೋಟೋ ಕಳಿಸಿದೆವು. ನಾಲ್ಕು ದಿನಕ್ಕೆ ಷರಾ ಸಮೇತ ವಾಪಸಾಯಿತು: ಚಿತ್ರದಲ್ಲಿ ಬಿಸಿಲು ಕಾಣುತ್ತಿದೆ, ಕಾರ್ಯಕ್ರಮವನ್ನು ರಾತ್ರಿಯೇ ಮರುನಡೆಸುವುದು.

ಹುಣ್ಣಿಮೆಯ ದಿನ ಏಳು ಗಂಟೆಗೆ ಮತ್ತೆ ಸೇರಿದೆವು. ಈ ಸಲ ಅಪ್ಪ ಅಮ್ಮಂದಿರೂ ಬಂದಿದ್ದರು. ಸಂಜೆಯೇ ಕವಿದ ಮೋಡ ಒಂದು ಬೆರಳಷ್ಟೂ ಸರಿಯಲಿಲ್ಲ. ಸಾಲಾಗಿ ಬಂದು ಒಬ್ಬೊಬ್ಬರೂ ಕತ್ತಲನ್ನು ಇಣುಕಿ ನೋಡಿ, "ಚೆನ್ನಾಗಿದೆ" ಎಂದು ಇಳಿದರು. ಫೋಟೋದಲ್ಲಿ ಬಂದದ್ದು ಕಪ್ಪು, ನಡುವೆ ನಕ್ಕವರ ನಾಲ್ಕಾರು ಹಲ್ಲು. ಅದನ್ನೇ ಕಳಿಸಿದೆವು.

ಮೆಚ್ಚುಗೆ ಪತ್ರ ಬಂತು. ಕಾರ್ಯಕ್ರಮ ಇತರ ಶಾಲೆಗಳಿಗೆ ಮಾದರಿ ಎಂದಿತ್ತು. ಮುಖ್ಯೋಪಾಧ್ಯಾಯರು ಅದಕ್ಕೆ ಚೌಕಟ್ಟು ಹಾಕಿಸಿದರು.

ಮಾರನೆಯ ದಿನ ಆ ಹುಡುಗಿ ನೋಟ್‌ಬುಕ್ ತಂದಳು. "ಮಿಸ್, ಹುಣ್ಣಿಮೆ ದಿನ ನೋಡುದ್ದು ಅಂತ ಏನು ಬರೀಲಿ?"

"ಮೋಡ ಅಂತ ಬರಿ" ಎಂದೆ. ಬರೆದಳು. ರೈಟ್ ಹಾಕಿದೆ.