ಬೆಲ್ಲ ನೀರು ಇಲ್ಲದ ಜಗಲಿ

ಮನೋರಮಾ ಟೀಚರ ನಾಲಗೆಗೆ ಹೆದರದವರು ತೋಡಾರಿನಲ್ಲಿ ಕಡಿಮೆ. ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಕಾಲೇಜಿನಲ್ಲಿ ಮುದುಕಿ ಸಿಸ್ಟರ್ ಒಬ್ಬರಿಂದ ಕಲಿತ ಚೂರುಪಾರು ಲ್ಯಾಟಿನ್ ಕೂಡ ಅವರ ಕೈಯಲ್ಲಿ ಬೆತ್ತವೇ. ಹಳೆ ವಿದ್ಯಾರ್ಥಿಗಳು ‘ಅಲುಮ್ನಿ’ ಸಂಘ ಕಟ್ಟಿದ ದಿನದಿಂದ ಅವರ ಪಿತ್ತ ನೆತ್ತಿಗೇರಿತ್ತು. ಶಾಲೆಯ ಗೇಟಿಗೆ ಕಮಾನು ಕಟ್ಟಲಿಕ್ಕೆ ಸಂಘದವರು ಬದಿಯಲ್ಲಿದ್ದ ನಬೀಸಕ್ಕನ ಶೆಡ್ಡನ್ನೇ ಕೆಡವಲು ಹೊರಟಿದ್ದರು. ಶಾಲೆಯವರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗ ಅದು. ಅಲ್ಲಿ ನಬೀಸಕ್ಕ ಗಂಜಿ, ಚಟ್ನಿ ಬಡಿಸಿ ಎಷ್ಟೋ ಮಕ್ಕಳ ಹೊಟ್ಟೆ ತುಂಬಿಸಿದ್ದರು. ಅವರ ಬದುಕು ಈಗಲೂ ಅದರಲ್ಲೇ.

ಸಂಘದ ಅಧ್ಯಕ್ಷ ಶಿವಕೃಷ್ಣ, ಬಂಟ್ವಾಳದ ವಕೀಲ, ಒಂದು ಸುಡು ಮಧ್ಯಾಹ್ನ ಟೀಚರ ಮನೆಗೆ ಬಂದ. ನಮ್ಮ ಕಡೆ ವೈರಿಯೇ ಬಂದರೂ ಮೊದಲು ಬೆಲ್ಲ ನೀರು, ಆಮೇಲೆ ಜಗಳ. ಟೀಚರ್ ಕುರ್ಚಿ ಬಿಟ್ಟು ಏಳಲಿಲ್ಲ.

ಕಮಾನಿಗೆ ಬರೆಸುವ ಪದ ಸರಿ ಉಂಟಾ ಎಂದು ಅವನು ಮಾತು ತೆಗೆದದ್ದೇ ತಡ, ಪಾಠ ಶುರುವಾಯಿತು. ಒಬ್ಬನಾದರೆ ಅಲುಮ್ನಸ್, ಒಬ್ಬಳಾದರೆ ಅಲುಮ್ನಾ, ಗುಂಪಾದರೆ ಅಲುಮ್ನಿ.

“ಮೂಲ ಗೊತ್ತುಂಟಾ ನಿನಗೆ? ಅಲೆರೆ ಅಂದರೆ ಉಣಿಸಿ ಸಾಕುವುದು. ಅಲುಮ್ನಸ್ ಅಂದರೆ ಇನ್ನೊಬ್ಬರ ಅನ್ನದಲ್ಲಿ ಬೆಳೆದವ. ನಿನ್ನನ್ನು ಬೆಳೆಸಿದ್ದು ನಬೀಸಕ್ಕನ ಗಂಜಿ. ಉಂಡ ಮನೆಗೆ ಎರಡು ಬಗೆಯುವವನಿಗೆ ಇಲ್ಲಿ ನೀರೂ ಇಲ್ಲ.”

ಶಿವಕೃಷ್ಣ ಕೆಂಪಗಾಗಿ ಎದ್ದ. ಮೆಟ್ಟಿಲಿನಲ್ಲಿ ನಿಂತು ತಿರುಗಿ ಹೇಳಿದ: “ಸಂಘದಲ್ಲಿ ಜಗಳಾಡಿ ಕಮಾನನ್ನು ಆಚೆ ಬದಿಗೆ ಸರಿಸಿದ್ದು ನಾನು, ಟೀಚರ್. ಅದನ್ನು ಹೇಳಲಿಕ್ಕೆ ಬಂದದ್ದು. ಇನ್ನು ಅದು ಮೊದಲು ಹೇಳಿದಲ್ಲಿಯೇ ಏಳ್ತದೆ.”

ಆ ವಾರವೇ ಜೆಸಿಬಿ ಬಂದು ಶೆಡ್ಡನ್ನು ಕೆಡವಿತು. ಕಾರಣ ಊರಿಗೆಲ್ಲ ಗೊತ್ತಾಗಿತ್ತು. ಅವನೇ ಹೇಳಿಕೊಂಡು ತಿರುಗಿದ್ದ.

ಟೀಚರಿಗೆ ಅವನ ಮೇಲೆ ಎಷ್ಟು ಸಿಟ್ಟೋ ತನ್ನ ಮೇಲೆ ಅದಕ್ಕಿಂತ ಹೆಚ್ಚು. ಬಿಸಿಲಲ್ಲೇ ನಡೆದು ನಬೀಸಕ್ಕನ ಮನೆಗೆ ಹೋದರು. ಅವರು ಜಗಲಿಯಲ್ಲಿ ಗಂಜಿಯ ದೊಡ್ಡ ಪಾತ್ರೆ ತಿಕ್ಕುತ್ತಿದ್ದರು. ಕೂತುಕೊಳ್ಳಿ ಎನ್ನಲಿಲ್ಲ. ಟೀಚರ್ ತಾವಾಗಿ ಕೂತು, ಶಿವಕೃಷ್ಣನಿಗೆ ಬಾಯಿಗೆ ಬಂದಂತೆ ಬೈದರು. ನಬೀಸಕ್ಕ ಪಾತ್ರೆ ತಿಕ್ಕುತ್ತಲೇ ಇದ್ದರು.

“ಅವನಿಗೆ ಒಂದು ಗ್ಲಾಸು ನೀರು ಕೊಡಬಹುದಿತ್ತು ಟೀಚರೇ,” ಎಂದರು ಕೊನೆಗೆ. “ಅಷ್ಟು ವರ್ಷ ನಾನು ಯಾರಿಗೂ ಇಲ್ಲ ಅಂದವಳಲ್ಲ.”

ಪಾತ್ರೆ ಕವುಚಿಟ್ಟು ಒಳಗೆ ಹೋದರು. ಗಂಟಲು ಒಣಗಿದ ಟೀಚರ್ ಬಾಗಿಲನ್ನೇ ನೋಡುತ್ತಾ ಕೂತರು. ಬೆಲ್ಲವೂ ಬರಲಿಲ್ಲ, ನೀರೂ ಬರಲಿಲ್ಲ.