ಲ್ಯಾಪ್‌ಟಾಪು ತೆರೆದುಕೊಳ್ಳುವ ತನಕ

ನನ್ನ ಲ್ಯಾಪ್‌ಟಾಪಿನ ಗುಂಡಿ ಒತ್ತಿ, ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು, ಅದು ಕುದಿದು, ಸೋಸಿ, ಎರಡು ಕಪ್ಪಿಗೆ ಬಸಿದು ತಂದರೂ ಪರದೆಯ ಮೇಲಿನ ಆ ಬಿಳಿಯ ಚುಕ್ಕೆಗಳು ತಮ್ಮ ಗಿರಕಿ ನಿಲ್ಲಿಸಿರುತ್ತಿರಲಿಲ್ಲ. ನಗಬೇಡಿ, ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು. ಆ ಚುಕ್ಕೆಗಳನ್ನೇ ನೋಡುತ್ತ ಕುಳಿತರೆ ಕಣ್ಣು ತೆರೆದಿದ್ದಂತೆಯೇ ಜೋಂಪು ಹತ್ತಿ, ಕಿಟಕಿಯಾಚೆಯ ಬೇವಿನ ನೆರಳು, ಓಣಿಯಲ್ಲಿ ತರಕಾರಿ ಮಾರುವವಳ ಕೂಗು, ಎಂದೋ ಮರೆತ ಗೆಳತಿಯ ಮುಖ, ಎಲ್ಲವೂ ಒಂದರೊಳಗೊಂದು ಕರಗಿ ಮೆಲ್ಲಗೆ ತೇಲುತ್ತಿದ್ದವು. ಆಳಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಮನೆಗೆ ಬಂದು ಮತ್ತೆ ಮನೆಯ ಗಣಿತಕ್ಕೆ ಕೂಡುವ ನನಗೆ ದಿನದಲ್ಲಿ ಏನೂ ಮಾಡದೆ ಇರಲು ಸಿಗುತ್ತಿದ್ದ ಹೊತ್ತು ಅದೊಂದೇ.

ಸರಿಯಾಗಿ ಆ ಹೊತ್ತಿಗೇ ಅತ್ತೆ ಬರುತ್ತಿದ್ದರು. ನಮ್ಮ ಅತ್ತೆಯದೊಂದು ಕಟ್ಟಳೆ: ಕೆಲಸದಲ್ಲಿರುವವರನ್ನು ಮಾತಾಡಿಸಬಾರದು. ರೊಟ್ಟಿ ಬಡಿಯುವವಳನ್ನು ಮಾತಾಡಿಸಿದರೆ ರೊಟ್ಟಿ ಹರಿಯುತ್ತದೆ, ಬರೆಯುವವಳನ್ನು ಮಾತಾಡಿಸಿದರೆ ಬರಹ ತಪ್ಪುತ್ತದೆ. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಕೈ ಖಾಲಿ ಇದ್ದದ್ದನ್ನು ಅವರು ಕಂಡದ್ದೇ ಅಪರೂಪವಾದ್ದರಿಂದ ನಮ್ಮಿಬ್ಬರ ನಡುವೆ ಜಗಳವೂ ಇರಲಿಲ್ಲ, ಮಾತೂ ಇರಲಿಲ್ಲ. ಈ ಯಂತ್ರಕ್ಕೆ ಮುಪ್ಪು ಅಡರಿದ ಮೇಲೆಯೇ ನೋಡಿ, ಅವರು ಚಹಾದ ಕಪ್ಪು ಹಿಡಿದು, ಮೊಣಕಾಲಿಗೆ ಕೈಕೊಟ್ಟು ಚಾಪೆಯ ಮೇಲೆ ಕೂತು, "ಇನ್ನೂ ಚಾಲೂ ಆಗಿಲ್ಲಲ್ಲ ಬೇ?" ಎಂದು ಖಾತ್ರಿ ಮಾಡಿಕೊಂಡು ಬಾಯಿ ಬಿಚ್ಚತೊಡಗಿದ್ದು.

ಬಿಚ್ಚಿದರೆ ಒಂದೇ ಕಥೆ. ಅವರಿಗೆ ನನ್ನ ಗಂಡನಿಗಿಂತ ಮೊದಲು ಒಂದು ಹೆಣ್ಣುಕೂಸು ಹುಟ್ಟಿತ್ತಂತೆ. ಅದು ಉಳಿಯಲಿಲ್ಲ ಎಂಬುದಷ್ಟೇ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೇಗೆ ಹೋಯಿತೆಂದು ಯಾರೂ ಕೇಳಿದವರಲ್ಲ. ಇಜೇರಿಯ ತವರಿನಲ್ಲಿ ಬಾಣಂತನ ಮುಗಿಸಿ, ಐದು ತಿಂಗಳ ಕೂಸನ್ನು ಎತ್ತಿಕೊಂಡು, ಅಣ್ಣನ ಸಂಗಡ ಸರಸಂಬಾದ ಗಂಡನ ಮನೆಗೆ ಹೊರಟಿದ್ದರು. ಕೂಸಿನ ಮೈ ಬಿಸಿಯಿತ್ತು. ತವರಿನವರು ಬುತ್ತಿ ಕಟ್ಟಿದ್ದು, ಭೀಮೆಯ ಸೇತುವೆಯ ಮೇಲೆ ಗಾಳಿ ಹೊಡೆದದ್ದು, ಎಲ್ಲವನ್ನೂ ಅತ್ತೆ ನಿಧಾನವಾಗಿ ಹೇಳುವರು. "ಅಫಜಲಪುರದಾಗ ಬಸ್ಸು ಬದಲಿ ಮಾಡಾಕ ಇಳದ್ವಿ" ಎನ್ನುವಷ್ಟರಲ್ಲಿ ಲ್ಯಾಪ್‌ಟಾಪು ಟಿಂಗ್ ಎನ್ನಬೇಕೇ! "ಹೂಂ, ನಿನ್ನ ಕೆಲಸಾ ಮಾಡ್ಕೋ" ಎಂದು ಎದ್ದುಬಿಡುವರು. ಮರುದಿನ ಅಫಜಲಪುರದಿಂದ ಮುಂದಕ್ಕೆ ಹೋಗುವರೋ ಎಂದರೆ, ಇಲ್ಲ, ಮತ್ತೆ ಇಜೇರಿಯಿಂದಲೇ ಶುರು.

ಹೀಗಿರುವಾಗ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಕಟ್ ಕಟ್ ಎಂಬ ಸದ್ದು ಎದ್ದಿತು. ಬಸ್‌ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ ಇಟ್ಟವರು ಅದನ್ನು ಕಿವಿಗಿಟ್ಟು ಕೇಳಿ, "ಹಾರ್ಡ್ ಡಿಸ್ಕ್ ಹೋಗಾಕತ್ತದ್ರಿ ಮೇಡಂ. ಬದಲಿ ಮಾಡೋಣು. ಈಗ ಹೇಳ್ರಿ, ನಿಮಗ ಜಾಗಾ ಬೇಕೋ, ಜಲ್ದಿ ಬೇಕೋ?" ಎಂದರು. ಹಳೆಯ ನಮೂನೆಯ, ಒಳಗೆ ತಟ್ಟೆ ತಿರುಗುವ ಡಿಸ್ಕಾದರೆ ಜಾಗ ಬೇಕಾದಷ್ಟು, ಆದರೆ ನಡಿಗೆ ಇದೇ ಆಮೆಯದು. ತಿರುಗುವುದೇನೂ ಇಲ್ಲದ ಎಸ್‌ಎಸ್‌ಡಿ ಎಂಬ ಹೊಸ ನಮೂನೆಯದಾದರೆ ಜಾಗ ಕಡಿಮೆ, ಕಣ್ಣು ಮಿಟುಕಿಸುವುದರೊಳಗೆ ಚಾಲೂ. ಎಸ್‌ಎಸ್‌ಡಿಯಲ್ಲೂ ಪಟ್ಟಿಯಂತಿರುವ ಹೊಸದು ನನ್ನ ಯಂತ್ರದಲ್ಲಿ ಕೂಡುವುದಿಲ್ಲವಂತೆ, ಡಬ್ಬಿಯಂಥದೇ ಆಗಬೇಕಂತೆ. "ಇದ್ದದ್ದು ಇದ್ದಂಗ ಹೊಸದಕ್ಕ ಇಳಿಸಿ ಕೊಡ್ತೇನ್ರಿ, ಆದ್ರ ಲಗೂ ಹೇಳ್ರಿ, ಇದು ಭಾಳ ದಿನ ತಾಳಂಗಿಲ್ಲ."

ನನಗೆ ನಮ್ಮ ಕಡೆಯ ಹಗೇವು ನೆನಪಾಯಿತು. ನೆಲದೊಳಗೆ ತೋಡಿದ ಆ ಕಣಜದಲ್ಲಿ ಜೋಳ ಎಷ್ಟು ಸುರಿದರೂ ಹಿಡಿಸುತ್ತದೆ; ತೆಗೆಯಬೇಕೆಂದರೆ ಮಾತ್ರ ಬಾಯಿ ತೆರೆದಿಟ್ಟು, ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು, ಅವಸರಪಟ್ಟು ಇಳಿದವನು ಮೇಲೆ ಬರುವುದಿಲ್ಲ. ಅಡುಗೆಮನೆಯ ಅಡಕಲ ಗಡಿಗೆಯಲ್ಲಿ ಹಿಡಿಸುವುದು ನಾಲ್ಕು ದಿನದ ಕಾಳು, ಕೈ ಹಾಕಿದೊಡನೆ ಸಿಗುತ್ತದೆ. ಮನುಷ್ಯರ ಮನಸ್ಸಿನಲ್ಲೂ ಎರಡೂ ಇರುತ್ತವೆ ಅನ್ನಿಸುತ್ತದೆ. ನಾವು ದಿನವಿಡೀ ಒಬ್ಬರಿಗೊಬ್ಬರು ಗಡಿಗೆಯ ಕಾಳನ್ನೇ ಕೊಟ್ಟುಕೊಂಡು, ಇದೇ ಬಳಗ, ಇದೇ ಬಾಳು ಎಂದುಕೊಂಡಿರುತ್ತೇವೆ.

ನಿಜ ಹೇಳುತ್ತೇನೆ, ನಾನು ನಿಧಾನದ್ದನ್ನೇ ಕೊಳ್ಳುವವಳಿದ್ದೆ. ಬೇಗ ತೆರೆದುಕೊಂಡರೆ ಅತ್ತೆಯ ಕಥೆ ಅಫಜಲಪುರವನ್ನೂ ಮುಟ್ಟುವುದಿಲ್ಲ ಎಂಬ ಹೆದರಿಕೆ. ನೋಡೋಣವೆಂದು ಅವರನ್ನೇ ಕೇಳಿದರೆ, "ಲಗೂ ಆಗೂದನ್ನ ತೊಗೋ ಬೇ, ಎಷ್ಟಂತ ಕಾಯ್ತೀ?" ಎಂದರು, ನನ್ನ ಮುಖ ಸಹ ನೋಡದೆ. ಛೇ, ನನಗೆ ಕೆಟ್ಟದ್ದೇ ಅನ್ನಿಸಿತು. ಇವರ ಒಂದು ಮಾತಿಗಾಗಿ ನಾನಿಲ್ಲಿ ಒದ್ದಾಡಿದರೆ ಇವರಿಗೆ ಅದರ ಖಬರೇ ಇಲ್ಲವಲ್ಲ ಎಂದು ಸಿಟ್ಟಿನಲ್ಲೇ ಹೋಗಿ ಎಸ್‌ಎಸ್‌ಡಿ ಹಾಕಿಸಿಕೊಂಡು ಬಂದೆ.

ರವಿವಾರ ಬೆಳಿಗ್ಗೆ ಅತ್ತೆ ಕಪ್ಪು ಹಿಡಿದು ಬಂದು, ಮೊಣಕಾಲಿಗೆ ಕೈಕೊಟ್ಟು ಇನ್ನೂ ಪೂರ್ತಿ ಕೂತಿರಲಿಲ್ಲ, ಪರದೆ ಬೆಳಗಿಬಿಟ್ಟಿತು. "ಅಯ್ಯ, ಆಗೇ ಹೋತಲ್ಲ!" ಎಂದು ಅವರು ಅರ್ಧಕ್ಕೇ ಎದ್ದರು. ನಾನು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ.

"ಯಾಕ ಬೇ, ಕೆಲಸಾ ಇಲ್ಲೇನು?"

"ಕೆಲಸಾ ಅದ್ರಿ ಅತ್ತೀ, ಆಮ್ಯಾಲ ಮಾಡ್ತೇನಿ. ಅಫಜಲಪುರದಾಗ ಇಳದ್ರಿ. ಮುಂದ?"

ಅವರು ಕೂತರು. ಕಪ್ಪನ್ನು ಮುಚ್ಚಿದ ಯಂತ್ರದ ಪಕ್ಕದಲ್ಲಿಟ್ಟರು. "ಅದು ಚಾಲೂ ಆಗ್ಲಿ ಅಂತ ನಾನೂ ಕಾಯ್ತಿದ್ದೆ ಬೇ. ಅದು ಟಿಂಗ್ ಅಂದ್ರ ನನಗ ಮುಂದಿಂದು ಹೇಳೂದು ತಪ್ಪತಿತ್ತು."

ಇಷ್ಟು ದಿನ ಆ ನಿಧಾನವನ್ನು ನಾನು ಅವರ ಮಾತಿಗೆ ಸಿಕ್ಕ ಅವಕಾಶವೆಂದು ತಿಳಿದಿದ್ದೆ. ಅವರು ಅದರ ಕೊನೆಯ ಟಿಂಗ್‌ಗಾಗಿ ಕಾದದ್ದು ಮಾತಿನಿಂದ ತಪ್ಪಿಸಿಕೊಳ್ಳಲು. "ಬ್ಯಾಡ ಅನಿಸಿದ್ರ ಬ್ಯಾಡ್ರಿ ಅತ್ತೀ" ಎಂದು ಮುಚ್ಚಳ ಎತ್ತಲು ಹೋದೆ. ಅವರು ಅದರ ಮೇಲೆ ಕೈಯಿಟ್ಟು ತಡೆದರು.

"ಅಣ್ಣ ಚಹಾ ಕುಡಿಯಾಕ ಹೋಗಿದ್ದ. ಕೂಸು ನನ್ನ ತೊಡಿ ಮ್ಯಾಲೇ ತಣ್ಣಗಾತು. ಹೇಳಿದ್ರ ಬಸ್ಸಿನ್ಯಾಗ ಹತ್ತಸಂಗಿಲ್ಲ ಅಂತ ಅಂಜಿದೆ. ಅಣ್ಣಗೂ ಹೇಳಲಿಲ್ಲ, ಮಲಗೇದ ಅಂದೆ. ತಲಿ ಮ್ಯಾಲಿನ ಕುಂಚಿಗಿ ಸರಿ ಮಾಡಿ, ಸೆರಗು ಹೊಚ್ಚಿ, ಸರಸಂಬಾ ಬರೂತನಕ ತಟ್ಟಿಕೋತ ಕುಂತೆ. ಬಾಜೂಕ ಕುಂತಾಕಿ ಅಂದ್ಳು, ಎಷ್ಟು ಶ್ಯಾಣ್ಯಾ ಕೂಸು ಬೇ ನಿಂದು, ಒಂದು ಸರ್ತಿನೂ ಅಳಲಿಲ್ಲ ನೋಡು ಅಂತ. ನಾ ಹೂಂ ಅಂದೆ."